ಆಪರೇಷನ್ ಟೇಬಲ್ ಮೇಲೆ ಮಲಗುವ ಭಂಗಿ ಮತ್ತು ಉಸಿರಾಟ: ಏನು ನಡೆಯುತ್ತದೆ, ನೀವೇನು ಮಾಡಬೇಕು?

ನಿಂತವರು ಅಂಗಾತ ಮಲಗಿದರೆ ಸಾಕು, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಮುಕ್ಕಾಲು ಲೀಟರಿನಿಂದ 1 ಲೀಟರ್‌ವರೆಗೆ ಕಡಿಮೆಯಾಗುತ್ತದೆ. ಹೊಟ್ಟೆಯೊಳಗಿನ ಅಂಗಗಳು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಎದೆಯ ಕಡೆ ಒತ್ತುತ್ತವೆ, ಅಷ್ಟೇ. ಅರಿವಳಿಕೆ ಕೊಟ್ಟಾಗ ಸ್ನಾಯು ಸಡಿಲವಾಗಿ ಇನ್ನೂ ಸುಮಾರು ಅರ್ಧ ಲೀಟರ್ ಇಳಿಯುತ್ತದೆ. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ಟ್ಯೂಬ್ ಹಾಕುವವರೆಗೆ ಉಸಿರಾಟ ನಿಂತಿರುವ ಕೆಲವು ನಿಮಿಷ ದೇಹವನ್ನು ಕಾಯುವುದು ಇದೇ ಗಾಳಿ.

ಹಾಗಾಗಿ ಮೊದಲ ಹೆಜ್ಜೆ ನಿಮ್ಮದು. ಅರಿವಳಿಕೆ ಡಾಕ್ಟರ್ ನೋಡಲು ಬಂದಾಗ ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ ಅಂತ ಹೇಳಿ. ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದೆಯೇ? ಜೋರು ಗೊರಕೆ, ಅಸ್ತಮಾ, ಕತ್ತುನೋವು ಇದೆಯೇ? ಸಣ್ಣ ವಿಷಯ ಅಂತ ಸುಮ್ನೆ ಇರಬೇಡಿ.

ಎರಡನೆಯದು, ಅರಿವಳಿಕೆಗೆ ಮುಂಚೆ ಮಾಸ್ಕ್‌ನಲ್ಲಿ ಆಕ್ಸಿಜನ್. ಆಗ ಟೇಬಲ್‌ನ ತಲೆಯ ಕಡೆ 25 ಡಿಗ್ರಿಯಷ್ಟು ಎತ್ತಿದರೆ ತುಂಬ ಅನುಕೂಲ. ತೂಕ ಜಾಸ್ತಿ ಇರುವವರಿಗೆ ಭುಜ, ತಲೆಯ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಕಿವಿಯ ತೂತು ಮತ್ತು ಎದೆಮೂಳೆಯ ಮೇಲ್ತುದಿ ಒಂದೇ ಮಟ್ಟಕ್ಕೆ ಬರುವಂತೆ ಮಾಡುತ್ತಾರೆ.

ಮೂರನೆಯದು ಆಪರೇಷನ್ನಿನ ಭಂಗಿ. ಎಲ್ಲಕ್ಕಿಂತ ಕಷ್ಟದ್ದು ತಲೆ ಕೆಳಗೆ ಮಾಡುವುದು. ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಹೊಟ್ಟೆಗೆ ಗ್ಯಾಸ್ ಬೇರೆ ತುಂಬುತ್ತಾರೆ. ವಪೆ ಮೇಲೇರುತ್ತದೆ, ಜೊತೆಗೆ ಶ್ವಾಸನಾಳ ಕವಲೊಡೆಯುವ ಜಾಗವೂ ಮೇಲೆ ಸರಿಯುತ್ತದೆ. ಬಾಯಿಂದ ಹಾಕಿದ ಟ್ಯೂಬ್ ಅಲುಗಿರುವುದಿಲ್ಲ, ಆದರೂ ಅದರ ತುದಿ ಬಲಗಡೆಯ ಕವಲಿಗೆ ಇಳಿದುಬಿಡಬಹುದು. ಆಗ ಎಡ ಶ್ವಾಸಕೋಶಕ್ಕೆ ಗಾಳಿಯೇ ಇಲ್ಲ! ಭಂಗಿ ಬದಲಿಸಿದಾಗಲೆಲ್ಲ ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಕೇಳಲೇಬೇಕು ಎನ್ನುವುದು ಇದಕ್ಕೇ.

ಬೋರಲು ಮಲಗಿಸಿದರೆ ಉಸಿರಾಟಕ್ಕೆ ತೊಂದರೆ ಅಂತ ಅನಿಸುತ್ತದೆ, ಅಲ್ವಾ? ಎದೆ ಮತ್ತು ಸೊಂಟದ ಕೆಳಗೆ ಆಧಾರ ಕೊಟ್ಟು ಹೊಟ್ಟೆಯನ್ನು ಮುಕ್ತವಾಗಿ ಬಿಟ್ಟರೆ, ಅಂಗಾತಕ್ಕಿಂತ ಇದೇ ವಾಸಿ. ಹೊಟ್ಟೆ ಒತ್ತಿಕೊಂಡರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಮಗ್ಗುಲಾಗಿ ಮಲಗಿಸಿದಾಗ ರಕ್ತ ಕೆಳಗಿನ ಶ್ವಾಸಕೋಶಕ್ಕೆ ಹೆಚ್ಚು ಹೋಗುತ್ತದೆ, ಗಾಳಿ ಮೇಲಿನದಕ್ಕೆ. ಈ ಹೊಂದಾಣಿಕೆ ತಪ್ಪುವುದರಿಂದ ಆಕ್ಸಿಜನ್ ಮಟ್ಟದ ಮೇಲೆ ಕಣ್ಣಿಟ್ಟಿರುತ್ತಾರೆ.

ಕೊನೆಗೆ, ಎಚ್ಚರವಾದ ಮೇಲೆ. ಡಾಕ್ಟರ್ ಬೇಡ ಎನ್ನದಿದ್ದರೆ ತಲೆಯ ಕಡೆ ಎತ್ತರಿಸಿಕೊಂಡು ಒರಗಿ. ಆಗಾಗ ನಿಧಾನವಾಗಿ ದೀರ್ಘ ಉಸಿರು ಎಳೆದು, ಸ್ವಲ್ಪ ಹಿಡಿದು ಬಿಡಿ. ಮುಚ್ಚಿಕೊಂಡ ಗಾಳಿಗೂಡುಗಳು ತೆರೆಯಲು ಇದು ಬೇಕು. ಹೊಟ್ಟೆಗೆ ಹೊಲಿಗೆ ಬಿದ್ದಿದ್ದರೆ ಕೆಮ್ಮುವಾಗ ಅದರ ಮೇಲೆ ದಿಂಬು ಒತ್ತಿ ಹಿಡಿಯಿರಿ. ನೋವಿಗೆ ಹೆದರಿ ಚಿಕ್ಕ ಚಿಕ್ಕ ಉಸಿರು ತೆಗೆದುಕೊಳ್ಳುತ್ತಾ ಮಲಗಬೇಡಿ, ನರ್ಸ್‌ಗೆ ಹೇಳಿ ನೋವಿನ ಔಷಧಿ ಕೇಳಿ.