‘ಸಕ್ಕರೆ ಕಾಯಿಲೆಗೆ ಹೊಸ ಮದ್ದು’ ಎಂಬ ಸುದ್ದಿ ಓದುವುದು ಹೇಗೆ?

ನನ್ನ ಪರಿಚಯದವರೊಬ್ಬರು ಪೇಪರ್ ಕಟಿಂಗ್ ಒಂದನ್ನು ಮಡಿಸಿ ಪರ್ಸ್‌ನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ‘ಬೊಜ್ಜು ಕರಗಿಸುವ ಹಾರ್ಮೋನು ಪತ್ತೆ’ ಅಂತ ದಪ್ಪಕ್ಷರದ ತಲೆಬರಹ. ಒಂದು ದಿನ ಅದನ್ನು ಡಾಕ್ಟರ ಮೇಜಿನ ಮೇಲೆ ಬಿಡಿಸಿಟ್ಟು, ‘ಇದನ್ನೇ ಬರೆದುಕೊಡಿ’ ಅಂದರಂತೆ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ಇದು ಇಲಿಗೋ, ಮನುಷ್ಯರಿಗೋ?’ ಇವರು ಕೊನೆಯ ಪ್ಯಾರಾ ತನಕ ಓದೇ ಇರಲಿಲ್ಲ. ಇಲಿ ಇದ್ದದ್ದು ಅಲ್ಲೇ.

ಹಾರ್ಮೋನು, ಬೊಜ್ಜು, ಸಕ್ಕರೆ ಕಾಯಿಲೆಯ ಸಂಶೋಧನೆ ಸುದ್ದಿಗಳನ್ನು ಓದಿ ಎಡವುವವರನ್ನು ನಾನು ಬಹಳ ನೋಡಿದ್ದೇನೆ. ದಡ್ಡರಲ್ಲ, ಓದಿಕೊಂಡವರೇ. ಎಲ್ಲರೂ ಎಡವುವ ಜಾಗ ಹೆಚ್ಚುಕಡಿಮೆ ಒಂದೇ: ಶೇಕಡಾ ಲೆಕ್ಕ. ಅದಕ್ಕೇ ಈ ಲೇಖನದಲ್ಲಿ ನಾಲ್ಕನೇ ಹೆಜ್ಜೆ ಉದ್ದ, ಉಳಿದವು ಗಿಡ್ಡ. ಒಂದು ಪೆನ್ಸಿಲ್, ಒಂದು ಹಾಳೆ, ಹದಿನೈದು ನಿಮಿಷ ಇದ್ದರೆ ಸಾಕು.

ಹೆಜ್ಜೆ 1: ಯಾರ ಮೈ ಮೇಲೆ ನಡೆದ ಪ್ರಯೋಗ?

ಇಲಿಯೋ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶವೋ, ಮನುಷ್ಯರೋ? ಮನುಷ್ಯರಾದರೆ ಎಷ್ಟು ವಯಸ್ಸಿನವರು, ಎಂಥ ಕಾಯಿಲೆ ಇದ್ದವರು? ಮೊದಲು ಇಷ್ಟನ್ನು ಹಾಳೆಯಲ್ಲಿ ಬರೆದುಕೊಳ್ಳಿ.

ಲೆಪ್ಟಿನ್ ಕಥೆ ಗೊತ್ತಿದ್ದರೆ ಈ ಹೆಜ್ಜೆ ಎಂದೂ ಮರೆಯುವುದಿಲ್ಲ. 1994ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ, ಹುಟ್ಟಿನಿಂದಲೇ ವಿಪರೀತ ದಪ್ಪಗಾಗುವ ಒಂದು ತಳಿಯ ಇಲಿಯಲ್ಲಿ ಕೆಟ್ಟಿರುವ ಜೀನ್ ಯಾವುದು ಅಂತ ಕಂಡುಹಿಡಿಯಿತು. ಕೊಬ್ಬಿನ ಕೋಶಗಳು ಮಿದುಳಿಗೆ ‘ಇಲ್ಲಿ ಸಾಕಷ್ಟು ದಾಸ್ತಾನಿದೆ, ತಿನ್ನೋದು ನಿಲ್ಲಿಸು’ ಅಂತ ಹೇಳಿಕಳಿಸುವ ಹಾರ್ಮೋನು ಆ ಜೀನ್‌ನಿಂದ ಬರುತ್ತದೆ. ಅದೇ ಲೆಪ್ಟಿನ್. ಆ ಇಲಿಗಳಿಗೆ ಲೆಪ್ಟಿನ್ ಚುಚ್ಚಿದರೆ ಸರಸರ ಇಳಿದವು. ಜಗತ್ತೇ ಕುಣಿಯಿತು. ಒಂದು ಔಷಧ ಕಂಪನಿ ಇದರ ಹಕ್ಕಿಗೆ 2 ಕೋಟಿ ಡಾಲರ್ ಕೊಟ್ಟಿತು. ಆಮೇಲೆ ನೋಡಿದರೆ, ದಪ್ಪಗಿರುವ ಹೆಚ್ಚಿನ ಮನುಷ್ಯರ ರಕ್ತದಲ್ಲಿ ಲೆಪ್ಟಿನ್ ಕಡಿಮೆ ಇರಲಿಲ್ಲ, ಜಾಸ್ತಿಯೇ ಇತ್ತು! ಹಾರ್ಮೋನು ಕೂಗುತ್ತಿದೆ, ಮಿದುಳು ಕೇಳಿಸಿಕೊಳ್ಳುತ್ತಿಲ್ಲ. ಇನ್ನಷ್ಟು ಚುಚ್ಚಿ ಏನು ಪ್ರಯೋಜನ? ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಕೆಲವೇ ಕೆಲವು ಮಕ್ಕಳಿಗೆ ಮಾತ್ರ ಅದು ಪವಾಡದಂತೆ ಕೆಲಸ ಮಾಡಿತು.

ಇನ್ನೊಂದು ಸೂಕ್ಷ್ಮ. ಪ್ರಯೋಗಶಾಲೆಯ ಇಲಿಗಳನ್ನು ಸಾಮಾನ್ಯವಾಗಿ 20ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ನಮಗೆ ಹಿತ, ಇಲಿಗೆ ಚಳಿ. ಅದಕ್ಕೆ ಹಿತವೆನಿಸುವುದು 30ರ ಆಸುಪಾಸು. ಹಾಗಾಗಿ ಅದು ತಿಂದದ್ದರಲ್ಲಿ ದೊಡ್ಡ ಪಾಲು ಮೈ ಬೆಚ್ಚಗಿಡುವುದಕ್ಕೇ ಹೋಗುತ್ತದೆ. ಅಂಥ ಇಲಿ ಎಷ್ಟು ಕೊಬ್ಬು ಸುಟ್ಟಿತು ಅಂತ ಹೇಳಿ ನಮ್ಮ ಸೊಂಟದ ಲೆಕ್ಕ ಹಾಕುವುದು ಹೇಗೆ? ಇಲಿ ಸಂಶೋಧನೆ ಬೇಡ ಅಂತಲ್ಲ, ಅದಿಲ್ಲದೆ ಈ ವಿಜ್ಞಾನವೇ ಇಲ್ಲ. ಆದರೆ ಮದ್ದು ಬದಲಿಸಲು ಅದು ಆಧಾರವಲ್ಲ. ಇಲಿ ಅಂತ ಕಂಡರೆ ಪೆನ್ಸಿಲ್ ಕೆಳಗಿಟ್ಟು ಬೇರೆ ಪುಟಕ್ಕೆ ಹೋಗಿ.

ಹೆಜ್ಜೆ 2: ಗುಂಪು ಮಾಡಿದವರು ಯಾರು?

ಜನ ತಾವಾಗಿಯೇ ಏನೋ ಮಾಡುತ್ತಿದ್ದರು, ಸಂಶೋಧಕರು ನೋಡಿ ಬರೆದುಕೊಂಡರು ಅಂದರೆ ಅದು ಗಮನಿಸಿದ ಅಧ್ಯಯನ. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಪ್ಲಸೀಬೊ, ಅಂದರೆ ಔಷಧವೇ ಇಲ್ಲದ ಹುಸಿ ಮದ್ದು, ಕೊಟ್ಟರೆ ಅದು ಪ್ರಯೋಗ. ಎರಡೂ ಒಂದಲ್ಲ.

ಸಕ್ಕರೆಯಿಲ್ಲದ ಡಯಟ್ ಪಾನೀಯ ಕುಡಿಯುವವರಲ್ಲಿ ಬೊಜ್ಜು ಜಾಸ್ತಿ ಅಂತ ಸುದ್ದಿ ಬಂದರೆ, ಪಾನೀಯದಿಂದ ದಪ್ಪಗಾದರೋ, ದಪ್ಪಗಾಗುತ್ತಿದ್ದೇನೆ ಅಂತಲೇ ಅದಕ್ಕೆ ಬದಲಾದರೋ? ಬರೀ ನೋಡಿದರೆ ಗೊತ್ತಾಗುವುದಿಲ್ಲ.

ಮುಟ್ಟು ನಿಂತ ಮಹಿಳೆಯರಿಗೆ ಹಾರ್ಮೋನು ಕೊಟ್ಟರೆ ಹೃದಯಕ್ಕೆ ಒಳ್ಳೆಯದು ಅಂತ ಎಷ್ಟೋ ವರ್ಷ ನಂಬಿದ್ದು ಇಂಥ ಗಮನಿಸಿದ ಅಧ್ಯಯನಗಳಿಂದಲೇ. ಆಮೇಲೆ ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ಚೀಟಿ ಎತ್ತಿ ಪ್ರಯೋಗ ಮಾಡಿದರು. ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡನ್ನೂ ಕೂಡಿಸಿ ಕೊಟ್ಟ ಆ ಪ್ರಯೋಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೃದಯದ ತೊಂದರೆ ಕಡಿಮೆಯಾಗುವ ಬದಲು ಸ್ವಲ್ಪ ಜಾಸ್ತಿಯೇ ಆಗಿತ್ತು. ಹಾಗಂತ ಇದನ್ನೂ ಎಲ್ಲರಿಗೂ ಅನ್ವಯಿಸಲಾಗದು. ಆ ಮಹಿಳೆಯರ ಸರಾಸರಿ ವಯಸ್ಸು 63. ಆಗಷ್ಟೇ ಮುಟ್ಟು ನಿಂತ 50ರ ಹೆಂಗಸಿನ ಲೆಕ್ಕ ಬೇರೆ. ಮತ್ತೆ ಒಂದನೇ ಹೆಜ್ಜೆಗೇ ಬಂದೆವು ನೋಡಿ.

ಹೆಜ್ಜೆ 3: ಅಳೆದದ್ದು ಏನನ್ನು?

ರಕ್ತದ ವರದಿಯ ಅಂಕಿಯನ್ನೋ, ಮನುಷ್ಯನ ಕಷ್ಟವನ್ನೋ? ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಇಳಿಯಿತು ಅನ್ನುವುದು ಅಂಕಿ. ಕಣ್ಣು ಉಳಿಯಿತು, ಕಿಡ್ನಿ ಉಳಿಯಿತು, ಹೃದಯಾಘಾತ ತಪ್ಪಿತು ಅನ್ನುವುದು ಫಲ. ಅಂಕಿ ಇಳಿದರೆ ಫಲ ಬಂದೇ ಬರುತ್ತದೆ ಅಂತೇನೂ ಇಲ್ಲ.

ಅಕಾರ್ಡ್ ಅನ್ನುವ ಪ್ರಯೋಗದಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಜೊತೆಗೆ ಹೃದಯದ ಅಪಾಯವೂ ಇದ್ದ 10,251 ಜನರಿದ್ದರು. ಅರ್ಧ ಜನರ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತರಲು ಮದ್ದಿನ ಮೇಲೆ ಮದ್ದು ಕೊಟ್ಟರು. ಉಳಿದವರಿಗೆ 7ರಿಂದ 7.9 ಸಾಕು ಅಂದರು. ಅಂಕಿ ಚೆನ್ನಾಗಿಯೇ ಇಳಿಯಿತು. ಆದರೆ ಬಿಗಿ ಮಾಡಿದ ಗುಂಪಿನಲ್ಲಿ 257 ಜನ ಸತ್ತಿದ್ದರು, ಇನ್ನೊಂದರಲ್ಲಿ 203. 2008ರಲ್ಲಿ ಆ ಬಿಗಿ ಚಿಕಿತ್ಸೆ ನಿಲ್ಲಿಸಿದರು. ಇದನ್ನು ಓದಿ ‘ಸಕ್ಕರೆ ಇಳಿಸುವುದೇ ತಪ್ಪು’ ಅಂತ ಹೊರಟವರೂ ಇದ್ದಾರೆ. ಅದು ಶುದ್ಧ ತಪ್ಪು. ಟೈಪ್ 1 ಇದ್ದ ಕಿರಿಯ ವಯಸ್ಸಿನವರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಪ್ರಯೋಗದಲ್ಲಿ, ಸಕ್ಕರೆಯನ್ನು ಹಿಡಿತದಲ್ಲಿಟ್ಟವರ ಕಣ್ಣು, ಕಿಡ್ನಿ, ನರಗಳ ತೊಂದರೆ ಬಹಳ ಕಡಿಮೆಯಾಗಿತ್ತು. ಯಾರಿಗೆ, ಎಷ್ಟು ಬಿಗಿ ಅನ್ನುವುದೇ ಪ್ರಶ್ನೆ.

ಹೆಜ್ಜೆ 4: ಶೇಕಡಾವನ್ನು ತಲೆಗಳಿಗೆ ಬದಲಿಸಿ

ಇಲ್ಲಿ ನಿಧಾನ ಮಾಡಿ. ಅವಸರ ಬೇಡವೇ ಬೇಡ.

ಸುದ್ದಿ ಹೀಗಿರುತ್ತದೆ: ‘ತೂಕ ಇಳಿಸುವ ಇಂಜೆಕ್ಷನ್‌ನಿಂದ ಹೃದಯಾಘಾತದ ಅಪಾಯ ಶೇ 20 ಇಳಿಕೆ.’ ಓದಿದವರು ಏನು ತಿಳಿದುಕೊಳ್ಳುತ್ತಾರೆ? ನೂರು ಜನ ಚುಚ್ಚಿಕೊಂಡರೆ ಇಪ್ಪತ್ತು ಜನ ಬದುಕಿಕೊಳ್ಳುತ್ತಾರೆ ಅಂತ. ಹತ್ತು ಜನರನ್ನು ಕೇಳಿ ನೋಡಿ, ಬಹುಪಾಲು ಹೀಗೇ ಹೇಳುತ್ತಾರೆ.

ಈಗ ಮೂಲ ಸಂಶೋಧನೆ ತೆಗೆಯಿರಿ. ಆ ಇಂಜೆಕ್ಷನ್‌ನ ಮದ್ದು ಸೆಮಾಗ್ಲುಟೈಡ್. ಅದರ ಮೇಲಿನ ಸೆಲೆಕ್ಟ್ ಪ್ರಯೋಗ, 2023ರಲ್ಲಿ ಪ್ರಕಟವಾದದ್ದು. 17,604 ಜನ. ಎಲ್ಲರೂ 45 ದಾಟಿದವರು, ತೂಕ ಜಾಸ್ತಿ ಇದ್ದವರು, ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದವರು. ಸಕ್ಕರೆ ಕಾಯಿಲೆ ಇರಲಿಲ್ಲ. ಸರಾಸರಿ 40 ತಿಂಗಳು ನೋಡಿದರು. ಲೆಕ್ಕಕ್ಕೆ ಹಿಡಿದದ್ದು ಬರೀ ಹೃದಯಾಘಾತವಲ್ಲ. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾರಣದ ಸಾವು, ಮೂರೂ ಸೇರಿ.

ನಿಮ್ಮ ಹಾಳೆಯಲ್ಲಿ ಎರಡು ಗೆರೆ ಎಳೆಯಿರಿ. ಮೇಲಿನ ಗೆರೆಯಲ್ಲಿ ಪ್ಲಸೀಬೊ ಗುಂಪು: 8,801 ಜನರಲ್ಲಿ 701 ಜನಕ್ಕೆ ತೊಂದರೆಯಾಯಿತು. ಅಂದರೆ ನೂರಕ್ಕೆ 8. ಕೆಳಗಿನ ಗೆರೆಯಲ್ಲಿ ಮದ್ದಿನ ಗುಂಪು: 8,803 ಜನರಲ್ಲಿ 569. ನೂರಕ್ಕೆ 6.5. ಅರ್ಧ ಮನುಷ್ಯ ಇರುವುದಿಲ್ಲ, ಅದಕ್ಕೆ ಇನ್ನೂರು ಜನ ಅಂತ ಇಟ್ಟುಕೊಳ್ಳಿ. ಇನ್ನೂರರಲ್ಲಿ 16 ಇದ್ದದ್ದು 13 ಆಯಿತು. ತಪ್ಪಿದ್ದು ಮೂರು ಜನಕ್ಕೆ. 184 ಜನಕ್ಕೆ ಮದ್ದಿಲ್ಲದೆಯೂ ಏನೂ ಆಗುತ್ತಿರಲಿಲ್ಲ. 13 ಜನಕ್ಕೆ ಮದ್ದಿದ್ದರೂ ಆಯಿತು.

ಹಾಗಾದರೆ ಶೇ 20 ಸುಳ್ಳೇ? ಅಲ್ಲ. 16ರಲ್ಲಿ 3 ಅಂದರೆ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. (ನಿಮ್ಮ ಲೆಕ್ಕಕ್ಕೆ 19 ಬರುತ್ತದೆ, ಸಂಶೋಧನಾ ಪ್ರಬಂಧದಲ್ಲಿ 20 ಇರುತ್ತದೆ. ತೊಂದರೆ ಯಾವಾಗ ಆಯಿತು ಅನ್ನುವುದನ್ನೂ ಸಂಶೋಧಕರು ಲೆಕ್ಕಕ್ಕೆ ಸೇರಿಸುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ.) ಒಂದು ಗುಂಪನ್ನು ಇನ್ನೊಂದಕ್ಕೆ ಹೋಲಿಸಿದ ಶೇಕಡಾ ಅದು. ನಿಮ್ಮ ಪಾಲಿಗೆ ಬರುವ ಶೇಕಡಾ ಒಂದೂವರೆ. ತಲೆಬರಹಕ್ಕೆ ಹೋಗುವುದು ಮೊದಲನೆಯದು, ಯಾಕೆಂದರೆ ಅದು ದೊಡ್ಡದು.

ಮೂರು ಜನ ಸಣ್ಣ ಲಾಭ ಅಂತಲೂ ನಾನು ಹೇಳುತ್ತಿಲ್ಲ. ಒಂದು ಸಲ ಹೃದಯಾಘಾತವಾಗಿ ಎದ್ದವರಿಗೆ ಅದು ದೊಡ್ಡದೇ. ಆದರೆ ಹೃದಯದ ಕಾಯಿಲೆಯೇ ಇಲ್ಲದ ಮೂವತ್ತರ ಹುಡುಗನಿಗೆ ಆ ಮೇಲಿನ 16 ಅನ್ನುವ ಅಂಕಿ ಬಹಳ ಚಿಕ್ಕದಿರುತ್ತದೆ. ಚಿಕ್ಕದರಲ್ಲಿ ಐದನೇ ಒಂದು ಪಾಲು ಇನ್ನೂ ಚಿಕ್ಕದು ಅಲ್ವಾ?

ಅದೇ ಹಾಳೆಯಲ್ಲಿ ಮೂರನೇ ಗೆರೆಯನ್ನೂ ಎಳೆಯಿರಿ. ಇದನ್ನು ಯಾರೂ ಎಳೆಯುವುದಿಲ್ಲ. ಮೈಗೆ ಆಗದೆ ಮದ್ದು ಬಿಟ್ಟವರು ಎಷ್ಟು? ಇದೇ ಪ್ರಯೋಗದಲ್ಲಿ ಮದ್ದಿನ ಗುಂಪಿನಲ್ಲಿ ನೂರಕ್ಕೆ 16.6, ಪ್ಲಸೀಬೊದಲ್ಲಿ 8.2. ಇನ್ನೂರರ ಲೆಕ್ಕದಲ್ಲಿ 33 ಮತ್ತು 16. ಹೆಚ್ಚಿನದು ವಾಂತಿ, ಭೇದಿಯಂಥ ಹೊಟ್ಟೆಯ ತೊಂದರೆಯೇ. ಲಾಭವನ್ನು ಶೇಕಡಾದಲ್ಲಿ ಹೇಳಿ ತೊಂದರೆಯನ್ನು ‘ಕೆಲವರಿಗೆ’ ಅಂತ ಹೇಳುವ ಸುದ್ದಿಯನ್ನು ನಾನು ನಂಬುವುದಿಲ್ಲ. ಎರಡಕ್ಕೂ ಒಂದೇ ತಕ್ಕಡಿ ಇರಬೇಕು.

ಹೆದರಿಸುವ ಸುದ್ದಿಗೂ ಇದೇ ಮದ್ದು. ಮೇಲೆ ಹೇಳಿದ ಹಾರ್ಮೋನು ಪ್ರಯೋಗದಲ್ಲಿ ‘ಸ್ತನ ಕ್ಯಾನ್ಸರ್ ಶೇ 26 ಜಾಸ್ತಿ’ ಅಂತ ಬಂದಾಗ ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು. ಗೆರೆ ಎಳೆದರೆ: ಹತ್ತು ಸಾವಿರ ಮಹಿಳೆಯರಲ್ಲಿ ವರ್ಷಕ್ಕೆ 30 ಇದ್ದದ್ದು 38. ಎಂಟು ಜನ ಜಾಸ್ತಿ. ಅದೂ ಕಡೆಗಣಿಸುವಂಥದ್ದಲ್ಲ, ಆದರೆ ತಲೆಬರಹ ಓದಿದಾಗ ಎದೆ ಧಸಕ್ಕೆಂದಷ್ಟೂ ಅಲ್ಲ.

ಕೆಲವೊಮ್ಮೆ ಗೆರೆ ಎಳೆದ ಮೇಲೂ ಲಾಭ ದೊಡ್ಡದಾಗಿಯೇ ಕಾಣುತ್ತದೆ. 2002ರ ಡಿಪಿಪಿ ಪ್ರಯೋಗ ನೋಡಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಜನ. ಪ್ಲಸೀಬೊ ಗುಂಪಿನಲ್ಲಿ ನೂರಕ್ಕೆ ವರ್ಷಕ್ಕೆ 11 ಜನ ಕಾಯಿಲೆಗೆ ದಾಟಿದರು. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ 7.8. ತೂಕ ಶೇ 7 ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿ ಕೊಟ್ಟವರಲ್ಲಿ 4.8. ಮಾತ್ರೆಗಿಂತ ನಡಿಗೆ ಗೆದ್ದಿತು. ಇಂಥದ್ದು ಕಂಡರೆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನೊಂದು ಗುಂಡಿ ಇದೆ. ಎಚ್‌ಬಿಎ1ಸಿಯನ್ನೇ ಶೇಕಡಾದಲ್ಲಿ ಬರೆಯುತ್ತಾರೆ. 8 ಇದ್ದದ್ದು 7 ಆದರೆ ಅದು ಒಂದು ಅಂಶದ ಇಳಿಕೆ. ಅದನ್ನೇ ‘ಶೇ 12.5 ಇಳಿಕೆ’ ಅಂತ ಬರೆದರೂ ಗಣಿತ ತಪ್ಪಲ್ಲ. ಮದ್ದು ಮಾರುವವರಿಗೆ ಯಾವುದು ಇಷ್ಟ ಅಂತ ಬೇರೆ ಹೇಳಬೇಕೇ?

ಗೆರೆ ಎಳೆಯಲು ಬೇಕಾದ ಎರಡು ಅಂಕಿಗಳು ಸುದ್ದಿಯಲ್ಲಿ ಸಿಗದಿದ್ದರೆ ವೈದ್ಯಕೀಯ ಸಂಶೋಧನೆಗಳ ಸಾರಾಂಶ ಸಿಗುವ ಪಬ್‌ಮೆಡ್ ತಾಣದಲ್ಲಿ ಪ್ರಯೋಗದ ಹೆಸರು ಹಾಕಿ ಹುಡುಕಿ. ಸಾರಾಂಶ ಉಚಿತ, ಅಂಕಿ ಬಹುತೇಕ ಅಲ್ಲೇ ಇರುತ್ತದೆ. ಅಡ್ಡದಾರಿ ಅಂತ ಕೆಲವರು ಸಾರಾಂಶದ ಕೊನೆಯ ಸಾಲು ಮಾತ್ರ ಓದುತ್ತಾರೆ. ಅದು ಸಂಶೋಧಕರ ಅಭಿಪ್ರಾಯ. ನಿಮಗೆ ಬೇಕಾದ್ದು ಅದರ ಮೇಲಿನ ಪ್ಯಾರಾ. ಎರಡು ಅಂಕಿ ಎಲ್ಲೂ ಸಿಗಲಿಲ್ಲವಾ? ಸುದ್ದಿಯನ್ನು ಬಿಟ್ಟುಬಿಡಿ.

‘ಹಾರ್ಮೋನು ಸಮತೋಲನ’ ಮಾಡುವ ಪುಡಿ, ‘ನೈಸರ್ಗಿಕ ಜಿಎಲ್‌ಪಿ-1’ (ಸೆಮಾಗ್ಲುಟೈಡ್ ಅನುಕರಿಸುವ ಕರುಳಿನ ಹಾರ್ಮೋನು) ಮಾತ್ರೆ ಮಾರುವವರ ಡಬ್ಬಿಯ ಮೇಲೂ ‘ಸಂಶೋಧನೆಯಿಂದ ಸಾಬೀತು’ ಅಂತ ಇರುತ್ತದೆ. ಎರಡು ಅಂಕಿ ಕೊಡಿ ಅಂತ ಕೇಳಿ ನೋಡಿ. ನಾನು ಕೇಳಿದ್ದೇನೆ. ಬಂದ ಉತ್ತರ, ಸಂತೃಪ್ತ ಗ್ರಾಹಕರ ಫೋಟೊ.

ಹೆಜ್ಜೆ 5: ಎಷ್ಟು ದಿನ, ಆಮೇಲೆ ಏನು?

ಸೆಮಾಗ್ಲುಟೈಡ್‌ನದೇ ಸ್ಟೆಪ್ 1 ಪ್ರಯೋಗದಲ್ಲಿ 68 ವಾರದಲ್ಲಿ ತೂಕ ಸರಾಸರಿ ಶೇ 14.9 ಇಳಿಯಿತು, ಪ್ಲಸೀಬೊದಲ್ಲಿ ಶೇ 2.4. ಮದ್ದು ನಿಲ್ಲಿಸಿದವರಲ್ಲಿ ಕೆಲವರನ್ನು ಇನ್ನೊಂದು ವರ್ಷ ನೋಡಿದಾಗ, ಇಳಿದಿದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ಸುದ್ದಿಯಲ್ಲಿ ‘ಹನ್ನೆರಡು ವಾರ’ ಅಂತ ಕಂಡರೆ ಪೆನ್ಸಿಲ್‌ನಿಂದ ಸುತ್ತು ಹಾಕಿ. ಬೊಜ್ಜು, ಸಕ್ಕರೆ ಎರಡೂ ವರ್ಷಗಟ್ಟಲೆ ಇರುವಂಥವು.

ಹೆಜ್ಜೆ 6: ದುಡ್ಡು ಯಾರದು?

ಸಂಶೋಧನಾ ಪ್ರಬಂಧದ ಕೊನೆಯಲ್ಲಿ ಬರೆದಿರುತ್ತದೆ, ನೋಡಿ. ಕಂಪನಿಯ ದುಡ್ಡು ಅಂದ ಮಾತ್ರಕ್ಕೆ ಸುಳ್ಳಲ್ಲ. ಸೆಲೆಕ್ಟ್‌ಗೂ ಮದ್ದಿನ ಕಂಪನಿಯದೇ ದುಡ್ಡು.

ಹೆಜ್ಜೆ 7: ಮೊದಲು ಏನು ಹೇಳಿದ್ದರು?

ಆಸಕ್ತಿ ಇದ್ದವರಿಗೆ ಮಾತ್ರ. ದೊಡ್ಡ ಪ್ರಯೋಗಗಳನ್ನು ಶುರು ಮಾಡುವ ಮುಂಚೆಯೇ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಂಥ ತಾಣದಲ್ಲಿ ನೋಂದಾಯಿಸಿ, ಯಾವುದನ್ನು ಮುಖ್ಯವಾಗಿ ಅಳೆಯುತ್ತೇವೆ ಅಂತ ಬರೆದಿರುತ್ತಾರೆ. ನೋಂದಣಿ ಸಂಖ್ಯೆ ಸಾಮಾನ್ಯವಾಗಿ ಸಾರಾಂಶದ ಕೆಳಗೇ ಇರುತ್ತದೆ. ಅಲ್ಲಿ ‘ಹೃದಯಾಘಾತ’ ಅಂತಿದ್ದು, ಸುದ್ದಿಯಲ್ಲಿ ‘ಸೊಂಟದ ಸುತ್ತಳತೆ’ ಮಾತ್ರ ಕಂಡರೆ, ಹೃದಯಾಘಾತದ ಅಂಕಿ ಎಲ್ಲಿ ಹೋಯಿತು ಅಂತ ಹುಡುಕಲು ಶುರು ಮಾಡಿ.