ಬಡ್ಡಿ ಆಮೇಲೆ, ಮೊದಲು ಜಾಗ ನೋಡಿ: ಅಮೆರಿಕದಲ್ಲಿ ಟ್ಯಾಕ್ಸ್ ಲೀನ್ ಕೊಳ್ಳುವುದು ಹೇಗೆ?

ನಮ್ಮ ಕನ್ನಡ ಕೂಟದಲ್ಲಿ ಯುಗಾದಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಫ್ಲೋರಿಡಾದಲ್ಲಿ ಆಸ್ತಿ ತೆರಿಗೆಯ ಗಡುವೂ ಮುಗಿಯುತ್ತಿರುತ್ತದೆ. ಮಾರ್ಚ್ 31 ಕೊನೆ ದಿನ. ಏಪ್ರಿಲ್ 1 ಬಂತೆಂದರೆ ಕಟ್ಟದವರೆಲ್ಲ ಬಾಕಿದಾರರು. ಆಗ ಪಂಕ್ತಿಯಲ್ಲಿ ಯಾರಾದರೂ ಒಬ್ಬರು ಶುರು ಮಾಡುತ್ತಾರೆ: ‘ಟ್ಯಾಕ್ಸ್ ಲೀನ್ ತಗೊಂಡ್ರೆ 18 ಪರ್ಸೆಂಟ್ ಬಡ್ಡಿಯಂತೆ. ಅವರು ಕಟ್ಟದಿದ್ರೆ ಮನೆ ನಮ್ಮದೇ ಅಂತೆ.’

ಈ ಎರಡು ‘ಅಂತೆ’ಗಳನ್ನು ನಂಬಿದ ಗೆಳೆಯರೊಬ್ಬರು ಒಂದೇ ಸಂಜೆ ಹನ್ನೊಂದು ಸರ್ಟಿಫಿಕೇಟ್ ಕೊಂಡರು. ಅದರಲ್ಲಿ ಒಂದು ‘ಸೈಟು’ ಬಡಾವಣೆಯ ಮಳೆನೀರು ನಿಲ್ಲುವ ಹೊಂಡ. ಅದರ ತೆರಿಗೆ ಕಟ್ಟಲು ಯಾರೂ ಬರಲಿಲ್ಲ, ಬರುವುದೂ ಇಲ್ಲ. ಏಳು ವರ್ಷ ಆಯಿತು, ಕಾಗದ ರದ್ದಾಯಿತು. ಹಾಕಿದ ಅಸಲೂ ಹೋಯಿತು. ಕೊಳ್ಳುವ ಮುಂಚೆ ಕಾಲು ಗಂಟೆ ನಕ್ಷೆ ನೋಡಿದ್ದರೆ ಸಾಕಿತ್ತು. ಅದಕ್ಕೇ ಈ ಲೇಖನ.

ಮೊದಲು ವಿಷಯ ಏನು ಅಂತ ತಿಳಿಯೋಣ. ಲೀನ್ ಅಂದರೆ ಆಸ್ತಿಯ ಮೇಲೆ ಕೂರುವ ಋಣ. ನಮ್ಮ ಊರುಗಳಲ್ಲಿ ಕಂದಾಯ ಬಾಕಿ ಇದ್ದರೆ ಪಾಲಿಕೆ ನೋಟಿಸ್ ಕೊಡುತ್ತದೆ, ಜಪ್ತಿಯವರೆಗೂ ಹೋಗಬಹುದು. ಆದರೆ ಆ ಬಾಕಿಯನ್ನೇ ಹೊರಗಿನವರಿಗೆ ಮಾರುವ ಪದ್ಧತಿ ನಮ್ಮಲ್ಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಇದೆ. ಶಾಲೆ, ರಸ್ತೆ, ಅಗ್ನಿಶಾಮಕ ದಳ ಎಲ್ಲ ನಡೆಯುವುದು ಬಹಳಮಟ್ಟಿಗೆ ಆಸ್ತಿ ತೆರಿಗೆಯಿಂದ. ಕೌಂಟಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ, ಕಾಯಲು ಆಗುವುದಿಲ್ಲ. ಮನೆಯವರ ಬಾಕಿಯನ್ನು ನೀವು ಈಗ ಕಟ್ಟುತ್ತೀರಿ, ಕೌಂಟಿ ನಿಮಗೆ ಸರ್ಟಿಫಿಕೇಟ್ ಕೊಡುತ್ತದೆ. ಮುಂದೆ ಅವರು ಕೌಂಟಿಗೆ ಬಡ್ಡಿ ಸಮೇತ ಕಟ್ಟಿದಾಗ ದುಡ್ಡು ನಿಮಗೆ ಬರುತ್ತದೆ. ಅಷ್ಟೇ. ಇದು ಸಾಲ ಕೊಡುವ ವ್ಯವಹಾರ, ಮನೆ ಕೊಳ್ಳುವ ವ್ಯವಹಾರ ಅಲ್ಲ.

ಹೆಜ್ಜೆ 1: ಒಂದೇ ರಾಜ್ಯ ಆರಿಸಿಕೊಳ್ಳಿ

ಪ್ರತಿ ರಾಜ್ಯದ ಕಾನೂನು ಬೇರೆ. ಅರಿಜೋನಾದಲ್ಲಿ ಬಡ್ಡಿಯ ಮಿತಿ 16 ಪರ್ಸೆಂಟ್, ಹರಾಜು ಫೆಬ್ರವರಿಯಲ್ಲಿ. ಐಯೋವಾದಲ್ಲಿ ತಿಂಗಳಿಗೆ 2 ಪರ್ಸೆಂಟ್. ನ್ಯೂಜೆರ್ಸಿಯಲ್ಲಿ ಕೌಂಟಿ ಅಲ್ಲ, ಪಟ್ಟಣಗಳೇ ಹರಾಜು ಮಾಡುತ್ತವೆ. ಕ್ಯಾಲಿಫೋರ್ನಿಯಾ, ಮಿಶಿಗನ್‌ನಲ್ಲಿ ಲೀನ್ ಮಾರುವುದೇ ಇಲ್ಲ, ನೇರವಾಗಿ ಆಸ್ತಿಯನ್ನೇ ಹರಾಜು ಹಾಕುತ್ತಾರೆ. ಅದಕ್ಕೆ ಟ್ಯಾಕ್ಸ್ ಡೀಡ್ ಎನ್ನುತ್ತಾರೆ, ಅದು ಬೇರೆಯದೇ ಆಟ. ಹೊಸಬರಿಗೆ ನಾನು ಹೇಳುವುದು: ನೀವೇ ಕಾರಿನಲ್ಲಿ ಹೋಗಿ ನೋಡಿ ಬರಬಹುದಾದ ಕೌಂಟಿ ಮಾತ್ರ. ನನಗೆ ಗೊತ್ತಿರುವುದು ಫ್ಲೋರಿಡಾ, ಮುಂದಿನದೆಲ್ಲ ಅಲ್ಲಿನ ಲೆಕ್ಕ.

ಹೆಜ್ಜೆ 2: ಹೆಸರು ನೋಂದಾಯಿಸಿ, ಠೇವಣಿ ಕಟ್ಟಿ

ಮೇ ತಿಂಗಳಲ್ಲಿ ಕೌಂಟಿಯ ಟ್ಯಾಕ್ಸ್ ಕಲೆಕ್ಟರ್ ತೆರಿಗೆ ಬಾಕಿ ಇರುವ ಆಸ್ತಿಗಳ ಪಟ್ಟಿ ಪ್ರಕಟಿಸುತ್ತಾರೆ. ಹರಾಜು ಜೂನ್ 1ರ ಒಳಗೆ, ಈಗ ಹೆಚ್ಚಾಗಿ ಆನ್‌ಲೈನ್‌ನಲ್ಲೇ. ನಿಮ್ಮ ಹೆಸರು, ತೆರಿಗೆ ಸಂಖ್ಯೆ ಕೊಡುವ ಡಬ್ಲ್ಯೂ-9 ಫಾರಂ ತುಂಬಿ, ಕೊಳ್ಳಬೇಕೆಂದಿರುವ ಮೊತ್ತದ ಹತ್ತರಲ್ಲಿ ಒಂದು ಭಾಗ ಠೇವಣಿ ಇಟ್ಟರೆ ಮುಗಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ವಾರಾಂತ್ಯದ ಶಿಬಿರಕ್ಕೆ ಬನ್ನಿ, ಟ್ಯಾಕ್ಸ್ ಲೀನ್ ರಹಸ್ಯ ಕಲಿಸುತ್ತೇವೆ’ ಎಂದು ಹೋಟೆಲ್ ಹಾಲ್‌ಗೆ ಕರೆಯುವವರಿದ್ದಾರೆ. ಮೊದಲ ದಿನ ಉಚಿತ. ಎರಡನೇ ದಿನ ಸಾವಿರಾರು ಡಾಲರ್‌ನ ಕೋರ್ಸ್ ಮಾರುತ್ತಾರೆ. ಅವರು ಮಾರುವ ಪಟ್ಟಿಯನ್ನು ಕೌಂಟಿಯೇ ತನ್ನ ಜಾಲತಾಣದಲ್ಲಿ ಇಟ್ಟಿರುತ್ತದೆ. ದಯವಿಟ್ಟು ಒಂದು ಡಾಲರ್ ಕೂಡ ಕೊಡಬೇಡಿ. ಆ ದುಡ್ಡಲ್ಲಿ ಎರಡು ಒಳ್ಳೆ ಸರ್ಟಿಫಿಕೇಟ್ ಬರುತ್ತದೆ.

ಹೆಜ್ಜೆ 3: ಜಾಗ ನೋಡಿ. ಮತ್ತೆ ನೋಡಿ.

ಎಲ್ಲರೂ ಎಡವುವುದು ಇಲ್ಲೇ. ಊರಲ್ಲಿ 30-40ರ ಸೈಟು ಕೊಳ್ಳುವಾಗ ನಾವು ಏನೆಲ್ಲ ಮಾಡುತ್ತೇವೆ? ಇಸಿ ತೆಗೆಸುತ್ತೇವೆ, ತಾಯಿಪತ್ರ ಕೇಳುತ್ತೇವೆ, ಖಾತೆ ಯಾರ ಹೆಸರಲ್ಲಿದೆ ನೋಡುತ್ತೇವೆ, ಗಡಿಕಲ್ಲಿನ ಹತ್ತಿರ ನಿಂತು ಅಕ್ಕಪಕ್ಕದವರನ್ನು ಮಾತಾಡಿಸುತ್ತೇವೆ. ಅದೇ ಜನ ಇಲ್ಲಿ ಪರದೆ ಮೇಲಿನ ಒಂದು ಸಾಲು ನೋಡಿ ದುಡ್ಡು ಹಾಕುತ್ತಾರೆ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪಟ್ಟಿಯಲ್ಲಿ ಪ್ರತಿ ಆಸ್ತಿಗೂ ಪಾರ್ಸೆಲ್ ನಂಬರ್ ಇರುತ್ತದೆ, ನಮ್ಮ ಸರ್ವೆ ನಂಬರ್ ಇದ್ದ ಹಾಗೆ. ಅದನ್ನು ಕೌಂಟಿಯ ಪ್ರಾಪರ್ಟಿ ಅಪ್ರೈಸರ್ (ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿ) ಜಾಲತಾಣದಲ್ಲಿ ಹಾಕಿ. ಮನೆಯೋ ಖಾಲಿ ಜಾಗವೋ, ಯಾವಾಗ ಕಟ್ಟಿದ್ದು, ಅಂದಾಜು ಬೆಲೆ ಎಷ್ಟು, ಮಾಲೀಕರ ವಿಳಾಸ ಎಲ್ಲಿಯದು, ಎಲ್ಲ ಬರುತ್ತದೆ. ‘ಹೋಮ್‌ಸ್ಟೆಡ್’ ಎಂದಿದ್ದರೆ ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದಾರೆ ಎಂದರ್ಥ. ನನಗೆ ಬೇಕಾದದ್ದು ಇಂಥವೇ. ತಾವೇ ವಾಸವಿರುವ ಮನೆಯನ್ನು ಯಾರೂ ಸುಲಭವಾಗಿ ಬಿಡುವುದಿಲ್ಲ.

ಆಮೇಲೆ ಅದೇ ಜಾಲತಾಣದ ನಕ್ಷೆ ತೆರೆಯಿರಿ. ಮೇಲಿಂದ ತೆಗೆದ ಚಿತ್ರದ ಮೇಲೆ ಗಡಿಗೆರೆ ಹಾಕಿ ತೋರಿಸುತ್ತದೆ. ಆಕಾರ ನೋಡಿ. ಎರಡು ಮನೆಗಳ ನಡುವಿನ ಐದು ಅಡಿಯ ಪಟ್ಟಿಯೇ? ರಸ್ತೆಯ ತುಂಡೇ? ನೀರು ನಿಲ್ಲುವ ಹೊಂಡವೇ? ಜೌಗು ಪ್ರದೇಶವೇ? ಹೋಗಲು ದಾರಿಯೇ ಇಲ್ಲದ ಮಧ್ಯದ ಜಾಗವೇ? ಇವೆಲ್ಲಕ್ಕೂ ಪಾರ್ಸೆಲ್ ನಂಬರ್ ಇರುತ್ತದೆ, ತೆರಿಗೆಯೂ ಬರುತ್ತದೆ. ಹಳೆ ಪೆಟ್ರೋಲ್ ಬಂಕ್ ಇದ್ದ ಜಾಗವಾದರೆ ಮುಂದಿನ ಸಾಲಿಗೆ ಹೋಗಿ. ಮಣ್ಣಲ್ಲಿ ಸೋರಿದ ಎಣ್ಣೆ ತೆಗೆಸುವ ಖರ್ಚು ಜಾಗದ ಬೆಲೆಗಿಂತ ಜಾಸ್ತಿ ಆಗಬಹುದು.

ಮೂರನೆಯದು, ಬಾಕಿ ಮತ್ತು ಬೆಲೆಯ ಲೆಕ್ಕ. ನನ್ನ ನಿಯಮ ಸರಳ. ಬಾಕಿ ಅಂದಾಜು ಬೆಲೆಯ 5 ಪರ್ಸೆಂಟ್ ದಾಟಿದರೆ ಮುಟ್ಟುವುದಿಲ್ಲ. ಎರಡು ಲಕ್ಷ ಡಾಲರ್ ಮನೆಯ ಮೇಲೆ 3,000 ಡಾಲರ್ ಬಾಕಿ ಇದ್ದರೆ ಸರಿ. 10,000 ಡಾಲರ್‌ನ ಖಾಲಿ ಸೈಟಿನ ಮೇಲೆ 3,000 ಬಾಕಿ ಅಂದರೆ ಏನೋ ಇದೆ. ಫ್ಲೋರಿಡಾದಲ್ಲಿ ಹೊಸ ಬಡಾವಣೆಗಳ ರಸ್ತೆ, ಚರಂಡಿಗಾಗಿ ಸಿಡಿಡಿ ಎಂಬ ಸಂಸ್ಥೆಗಳು ಸಾಲಪತ್ರ ಹೊರಡಿಸುತ್ತವೆ. ಅದರ ಕಂತು ತೆರಿಗೆ ಬಿಲ್ಲಿಗೇ ಸೇರುತ್ತದೆ. 2008ರ ಆರ್ಥಿಕ ಕುಸಿತದ ನಂತರ ಇಂಥ ಎಷ್ಟೋ ಖಾಲಿ ಸೈಟುಗಳನ್ನು ಮಾಲೀಕರೇ ಕೈಬಿಟ್ಟರು.

ನಾಲ್ಕನೆಯದು, ಕ್ಲರ್ಕ್ ಆಫ್ ಕೋರ್ಟ್ ದಾಖಲೆಗಳು. ಇದೇ ಅಲ್ಲಿನ ಇಸಿ. ಬ್ಯಾಂಕ್ ಸಾಲ ಇದೆಯೇ ನೋಡಿ. ಇದ್ದರೆ ಹೆದರಬೇಡಿ, ಒಳ್ಳೆಯದೇ. ತೆರಿಗೆಯ ಲೀನ್ ಬ್ಯಾಂಕಿನ ಅಡಮಾನಕ್ಕಿಂತ ಮೇಲೆ ನಿಲ್ಲುತ್ತದೆ. ಹಾಗಾಗಿ ಮಾಲೀಕರು ಕಟ್ಟದಿದ್ದರೂ ಬ್ಯಾಂಕ್ ತನ್ನ ಸಾಲ ಉಳಿಸಿಕೊಳ್ಳಲು ಕಟ್ಟುವ ಸಾಧ್ಯತೆ ಜಾಸ್ತಿ. ಆದರೆ ಪಾಲಿಕೆಯ ದಂಡಗಳ ಪಟ್ಟಿ ಉದ್ದ ಇದ್ದರೆ ಬಿಟ್ಟುಬಿಡಿ. ಬೆಳೆದ ಹುಲ್ಲು, ಕುಸಿದ ಚಾವಣಿಗೆ ದಿನಕ್ಕಿಷ್ಟು ಅಂತ ಹಾಕಿದ ದಂಡ ಆಸ್ತಿ ಕೈ ಬದಲಾದರೂ ಹೋಗದೆ ಉಳಿಯಬಹುದು. ಮಾಲೀಕರು ದಿವಾಳಿ ಅರ್ಜಿ ಹಾಕಿದ್ದಾರೆಯೇ ಎಂಬುದು ಫೆಡರಲ್ ಕೋರ್ಟಿನ ಪೇಸರ್ ತಾಣದಲ್ಲಿ ಸಿಗುತ್ತದೆ. ಪುಟಕ್ಕೆ 10 ಸೆಂಟ್. ಅರ್ಜಿ ಇದ್ದರೆ ವಸೂಲಿ ನಿಂತುಹೋಗುತ್ತದೆ.

ಕೊನೆಗೆ ಹೋಗಿ ನೋಡಿ. ಗೂಗಲ್ ಚಿತ್ರ ಎರಡು ವರ್ಷ ಹಳೆಯದಿರಬಹುದು. ಚಿತ್ರದಲ್ಲಿ ಚೆಂದದ ಮನೆ, ಹೋಗಿ ನೋಡಿದರೆ ಸುಟ್ಟ ಗೋಡೆ. ನನಗೆ ಹೀಗೆ ಒಮ್ಮೆ ಆಗಿದೆ. ರಸ್ತೆಯಿಂದಲೇ ನೋಡಿ ಬನ್ನಿ. ಬಾಗಿಲು ತಟ್ಟಬೇಡಿ, ಯಾರನ್ನೂ ಮುಜುಗರಕ್ಕೆ ಸಿಕ್ಕಿಸಬೇಡಿ.

ಇಷ್ಟೆಲ್ಲ ಮಾಡಲು ಒಂದು ಪಾರ್ಸೆಲ್‌ಗೆ ಅರ್ಧ ಗಂಟೆ ಬೇಕು. ಮೊದಲ ವರ್ಷ ಇಪ್ಪತ್ತು ನೋಡಿ, ಐದಕ್ಕೆ ಬಿಡ್ ಹಾಕಿ. ಸಾಕು.

ಹೆಜ್ಜೆ 4: ಬಿಡ್ ಹಾಕುವುದು

ನಮ್ಮ ಹರಾಜಿನಲ್ಲಿ ಕೂಗು ಮೇಲೇರುತ್ತದೆ. ಇಲ್ಲಿ ಬಡ್ಡಿ ಕೆಳಗಿಳಿಯುತ್ತದೆ. 18ರಿಂದ ಶುರುವಾಗಿ ಕಾಲು ಕಾಲು ಪರ್ಸೆಂಟ್ ಇಳಿಯುತ್ತಾ, ಎಲ್ಲಕ್ಕಿಂತ ಕಡಿಮೆ ಬಡ್ಡಿಗೆ ಒಪ್ಪಿದವರಿಗೆ ಸರ್ಟಿಫಿಕೇಟ್ ಸಿಗುತ್ತದೆ. ನೀವು ಒಪ್ಪುವ ಕನಿಷ್ಠ ಬಡ್ಡಿಯನ್ನು ಮೊದಲೇ ಬರೆದಿಡಬಹುದು. ನೀವು 6 ಎಂದು ಹಾಕಿ, ಉಳಿದವರಲ್ಲಿ ಎಲ್ಲಕ್ಕಿಂತ ಕಡಿಮೆ ಹಾಕಿದವರು 9 ಎಂದಿದ್ದರೆ ನಿಮಗೆ 8.75ಕ್ಕೆ ಸಿಗುತ್ತದೆ.

ಒಳ್ಳೆ ಮನೆಗಳ ಮೇಲೆ ದೊಡ್ಡ ಹಣಕಾಸು ಸಂಸ್ಥೆಗಳು 0.25ಕ್ಕೇ ಇಳಿಯುತ್ತವೆ. ಹುಚ್ಚೇ ಅನಿಸಬಹುದು. ಕಾರಣ ಇದೆ. ಫ್ಲೋರಿಡಾದಲ್ಲಿ ಮಾಲೀಕರು ಯಾವಾಗ ಬಿಡಿಸಿಕೊಂಡರೂ ಕನಿಷ್ಠ 5 ಪರ್ಸೆಂಟ್ ಕೊಡಬೇಕು. 2,000 ಡಾಲರ್ ಸರ್ಟಿಫಿಕೇಟ್ 0.25ಕ್ಕೆ ಕೊಂಡಿರಿ ಅನ್ನಿ. ನಾಲ್ಕೇ ತಿಂಗಳಲ್ಲಿ ಕಟ್ಟಿದರೆ 100 ಡಾಲರ್, ಲಾಭವೇ. ಎರಡು ವರ್ಷ ಬಿಟ್ಟು ಕಟ್ಟಿದರೂ ಅದೇ 100 ಡಾಲರ್, ವರ್ಷಕ್ಕೆ ಬರೀ ಎರಡೂವರೆ ಪರ್ಸೆಂಟ್. ಅದಕ್ಕಿಂತ ಬ್ಯಾಂಕಿನ ಎಫ್‌ಡಿ ವಾಸಿ. ಸಂಸ್ಥೆಗಳು ಸಾವಿರಾರು ಕೊಳ್ಳುತ್ತವೆ, ಸರಾಸರಿಯಲ್ಲಿ ಗೆಲ್ಲುತ್ತವೆ. ಐದೇ ಕೊಳ್ಳುವ ನೀವು 5 ಪರ್ಸೆಂಟ್‌ಗಿಂತ ಕೆಳಗೆ ಇಳಿಯಬೇಡಿ. ಸೊನ್ನೆಯಂತೂ ಬೇಡವೇ ಬೇಡ, ಅದಕ್ಕೆ ಆ ಕನಿಷ್ಠ 5 ಕೂಡ ಸಿಗುವುದಿಲ್ಲ. ನಿಮ್ಮ ಲೆಕ್ಕಕ್ಕೆ ಸಿಗದಿದ್ದರೆ ಸುಮ್ನೆ ಎದ್ದು ಬನ್ನಿ.

ಯಾರೂ ಕೊಳ್ಳದೆ ಉಳಿದವು ಕೌಂಟಿಯ ಹತ್ತಿರ 18 ಪರ್ಸೆಂಟ್‌ಗೇ ಇರುತ್ತವೆ, ಹರಾಜು ಮುಗಿದ ಮೇಲೂ ಕೊಳ್ಳಬಹುದು. ಇದನ್ನು ಅಡ್ಡದಾರಿ ಎಂದು ಹೇಳಿಕೊಡುವವರು ಬಹಳ. ನನ್ನ ಗೆಳೆಯರ ಹೊಂಡ ಬಂದದ್ದು ಆ ರಾಶಿಯಿಂದಲೇ. ಅಷ್ಟೊಂದು ಕಂಪನಿಗಳು ನೋಡಿ ಬೇಡ ಎಂದದ್ದು ಹೊಸಬರಿಗೆ ಯಾಕೆ, ಅಲ್ವಾ?

ಹೆಜ್ಜೆ 5: ಕಾಯುವುದು

ದುಡ್ಡು ಪೂರ್ತಿ ಕಟ್ಟಿ, ಕಾಯಿರಿ. ಮನೆಯವರಿಗೆ ಫೋನ್ ಮಾಡಿ ‘ಯಾವಾಗ ಕಟ್ಟುತ್ತೀರಿ’ ಎಂದು ಕೇಳುವ ಹಾಗಿಲ್ಲ. ಸರ್ಟಿಫಿಕೇಟ್ ಸಿಕ್ಕ ವರ್ಷದ ಏಪ್ರಿಲ್ 1ರಿಂದ ಎರಡು ವರ್ಷ ಮಾಲೀಕರನ್ನು ಸಂಪರ್ಕಿಸಿ ಒತ್ತಾಯಿಸುವುದನ್ನು ಫ್ಲೋರಿಡಾ ಕಾನೂನು ತಡೆಯುತ್ತದೆ. ಒಳ್ಳೆಯ ಕಾನೂನು. ತೆರಿಗೆ ಕಟ್ಟಲಾಗದವರ ಮನೆಯಲ್ಲಿ ಕಾಯಿಲೆಯೋ ಸಾವೋ ಕೆಲಸ ಹೋದದ್ದೋ ಇರುತ್ತದೆ.

ಇನ್ನು ‘ಮನೆ ನಮ್ಮದಾಗುತ್ತದೆ’ ಎಂಬ ಮಾತು. ಎರಡು ವರ್ಷ ಕಳೆದ ಮೇಲೆ ನೀವು ಟ್ಯಾಕ್ಸ್ ಡೀಡ್‌ಗೆ, ಅಂದರೆ ಆಸ್ತಿಯನ್ನೇ ಹರಾಜು ಹಾಕಿಸಲು, ಅರ್ಜಿ ಹಾಕಬಹುದು. ಆದರೆ ಅದಕ್ಕೆ ಆ ಆಸ್ತಿಯ ಮೇಲೆ ಬೇರೆಯವರ ಹತ್ತಿರ ಇರುವ ಸರ್ಟಿಫಿಕೇಟ್‌ಗಳನ್ನೂ, ಬಾಕಿ ಇರುವ ತೆರಿಗೆಯನ್ನೂ, ದಾಖಲೆ ಹುಡುಕುವ ಶುಲ್ಕವನ್ನೂ ನೀವೇ ಕಟ್ಟಬೇಕು. ಎರಡು ಸಾವಿರ ಹಾಕಿದವರು ಇನ್ನೂ ಎಂಟು ಸಾವಿರ ತರಬೇಕಾಗಬಹುದು. ಅಷ್ಟಾದ ಮೇಲೂ ಮನೆ ಸಾರ್ವಜನಿಕ ಹರಾಜಿಗೆ ಹೋಗುತ್ತದೆ. ಬೇರೆಯವರು ಕೊಂಡರೆ ನಿಮ್ಮ ದುಡ್ಡು ಬಡ್ಡಿಯೊಡನೆ ವಾಪಸ್. ಮಾಲೀಕರು ವಾಸವಿದ್ದ ಮನೆಯಾದರೆ ಹರಾಜಿನ ಆರಂಭದ ಬೆಲೆಗೆ ಅಂದಾಜು ಬೆಲೆಯ ಅರ್ಧವೂ ಸೇರುತ್ತದೆ.

ಬೇರೆ ರಾಜ್ಯಗಳಲ್ಲೂ ಗಾಳಿ ಮನೆ ಮಾಲೀಕರ ಕಡೆಗೇ ಬೀಸುತ್ತಿದೆ. ಮಿನ್ನೆಸೋಟದಲ್ಲಿ ಜೆರಾಲ್ಡೀನ್ ಟೈಲರ್ ಎಂಬ 94 ವರ್ಷದ ಅಜ್ಜಿಯ ತೆರಿಗೆ ಬಾಕಿ ದಂಡ, ಬಡ್ಡಿ ಸೇರಿ ಸುಮಾರು 15,000 ಡಾಲರ್ ಆಗಿತ್ತು. ಹೆನ್ನೆಪಿನ್ ಕೌಂಟಿ ಅವರ ಮನೆಯನ್ನು 40,000ಕ್ಕೆ ಮಾರಿ ಪೂರ್ತಿ ಇಟ್ಟುಕೊಂಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಅಜ್ಜಿಯ ಪರ ನಿಂತರು. ಬಾಕಿಗಿಂತ ಜಾಸ್ತಿ ಬಂದದ್ದನ್ನು ಸರ್ಕಾರ ಇಟ್ಟುಕೊಳ್ಳುವ ಹಾಗಿಲ್ಲ. ಆ ತೀರ್ಪಿನ ನಂತರ ಹಲವು ರಾಜ್ಯಗಳು ಕಾನೂನು ತಿದ್ದಿವೆ. ಹಳೆ ವಿಡಿಯೊ ನೋಡಿ ಕಲಿತದ್ದನ್ನು ಮತ್ತೆ ಪರೀಕ್ಷಿಸಿಕೊಳ್ಳಿ.

ಹೆಜ್ಜೆ 6: ಲೆಕ್ಕ ಬರೆದಿಡಿ

ಬಂದ ಬಡ್ಡಿ ಸಾಮಾನ್ಯ ಆದಾಯ, ಅಮೆರಿಕದ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ಇನ್ನೊಂದು ವಿಷಯ. ಭಾರತದಲ್ಲಿ ನೀವು ಪೂರ್ಣ ನಿವಾಸಿ ಆದ ಮೇಲೆ ಹೊರದೇಶದ ಆಸ್ತಿಯನ್ನೆಲ್ಲ ಐಟಿ ರಿಟರ್ನ್ಸ್‌ನ ಶೆಡ್ಯೂಲ್ ಎಫ್‌ಎ ಭಾಗದಲ್ಲಿ ಬರೆಯಬೇಕು, ಬಡ್ಡಿಗೆ ಅಲ್ಲೂ ತೆರಿಗೆ ಲೆಕ್ಕ ಬರುತ್ತದೆ. ಹೊರಡುವ ಮುಂಚೆ ಇಬ್ಬರು ಲೆಕ್ಕಪರಿಶೋಧಕರನ್ನು ಕೇಳಿ, ಅಲ್ಲೊಬ್ಬರು, ಇಲ್ಲೊಬ್ಬರು. ಬೇಡವೆನಿಸಿದರೆ ಸರ್ಟಿಫಿಕೇಟನ್ನು ಬೇರೆಯವರ ಹೆಸರಿಗೆ ವರ್ಗಾಯಿಸಬಹುದು.

ಪ್ರತಿ ಸರ್ಟಿಫಿಕೇಟ್‌ಗೂ ಮೂರು ತಾರೀಖು ಕ್ಯಾಲೆಂಡರ್‌ನಲ್ಲಿ ಹಾಕಿ: ಕೊಂಡ ದಿನ, ಡೀಡ್‌ಗೆ ಅರ್ಜಿ ಹಾಕಬಹುದಾದ ದಿನ, ಏಳು ವರ್ಷ ತುಂಬಿ ಕಾಗದ ರದ್ದಾಗುವ ದಿನ. ಕೊನೆಯದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಅದಕ್ಕೆ ಒಂದು ವರ್ಷ ಮುಂಚಿನ ತಾರೀಖಿಗೂ ಒಂದು ಗುರುತು ಹಾಕಿ, ಮನೆಯವರಿಗೂ ತೋರಿಸಿಡಿ.