ಕರಿಯನ ಕೀಲುನೋವು ಮತ್ತು ಒಂದು ಸ್ಟೀಲ್ ಡಬ್ಬಿ

2022ರ ಜುಲೈ. ಬಿಡದೆ ಮಳೆ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ನಾಯಿ ಕರಿಯ ಮಲಗಿದಲ್ಲಿಂದ ಏಳಲಿಲ್ಲ. ಮುಂಗಾಲು ಊರಿ ಕೂತ, ಅಷ್ಟೇ. ಹಿಂಗಾಲು ಎರಡೂ ರೆಡ್ ಆಕ್ಸೈಡ್ ನೆಲದ ಮೇಲೆ ಆಚೆಗೊಂದು ಈಚೆಗೊಂದು ಜಾರಿದವು. ನನ್ನ ಮುಖ ನೋಡಿ ಬಾಲ ಆಡಿಸಿದ. ಅವತ್ತು ಭಾವ ಮನೆಯಲ್ಲೇ ಇದ್ದರು. "ಇದು ಇನ್ನು ಆಗಲ್ಲ ಮಾರಾಯ. ಡಾಕ್ಟ್ರಿಗೆ ಹೇಳಿ ಸೂಜಿ ಹಾಕಿಸಿಬಿಡು" ಅಂದರು, ಸಾಯಿಸುವ ಸೂಜಿ. ತೋಟದ ಕೆಲಸಕ್ಕೆ ಬರುವವರೂ ಅದನ್ನೇ ಅಂದರು. ಈಗ ಕರಿಯನಿಗೆ ಹನ್ನೆರಡು ದಾಟಿದೆ. ಬೆಳಿಗ್ಗೆ ಹಾಲಿನ ಬೈಕ್ ಸದ್ದು ಕೇಳಿದರೆ ಗೇಟಿನವರೆಗೂ ತಾನೇ ನಡೆದುಹೋಗಿ ಬೊಗಳಿ ಬರುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಕಪ್ಪು ಲ್ಯಾಬ್ರಡಾರ್, ಗಂಡು. ಲ್ಯಾಬ್‌ಗಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ ಅಂತ ಸಾಕಿದವರಿಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. ಕರಿಯನಿಗೆ ಎರಡೂ ಸೊಂಟದ ಕೀಲು ಸವೆದಿದೆ, ಬಲಗಡೆಯದ್ದು ಜಾಸ್ತಿ.

ಮೊದಲು ನಾನು ಕೆಡಿಸಿದ್ದನ್ನು ಹೇಳುತ್ತೇನೆ.

ಪೇಟೆಯ ಒಂದು ಕಡೆ ತೋರಿಸಿದೆ. ನೋವಿಗೆ ಅಂತ ಒಂದು ಸೂಜಿ ಹಾಕಿದರು. ಮಾರನೇ ದಿನ ಕರಿಯ ಮರಿಯ ಹಾಗೆ ಓಡಿದ! ಭಾವನಿಗೆ ವಿಡಿಯೋ ಮಾಡಿ ಕಳಿಸಿದೆ. ಎರಡು ವಾರ ಆಗುವಷ್ಟರಲ್ಲಿ ಮತ್ತೆ ಅದೇ ಕಥೆ. ಇನ್ನೊಂದು ಸೂಜಿ, ಆಮೇಲೆ ಮತ್ತೊಂದು. ಅಷ್ಟರಲ್ಲಿ ಅವನು ಬಕೆಟ್‌ಗಟ್ಟಲೆ ನೀರು ಕುಡಿಯುತ್ತಿದ್ದ, ರಾತ್ರಿ ಮೂರು ಸಲ ಉಚ್ಚೆಗೆ ಎಬ್ಬಿಸುತ್ತಿದ್ದ, ಹಸಿವಂತೂ ಕೇಳಬೇಡಿ. ಅದು ಸ್ಟೀರಾಯ್ಡ್ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮೂರು ಸೂಜಿಗೆ ಸುಮಾರು ಎರಡು ಸಾವಿರ ಹೋಯಿತು, ನಾಯಿಗೆ ಮೂರು ಕೆಜಿ ಬಂತು.

ಎರಡನೇ ತಪ್ಪು ಪೂರ್ತಿ ನನ್ನದೇ. ನನಗೂ ಮಂಡಿನೋವು ಇದೆ. ನನ್ನ ಡಬ್ಬದಲ್ಲಿದ್ದ ಡೈಕ್ಲೋಫೆನಾಕ್ ಮಾತ್ರೆಯಲ್ಲಿ ಅರ್ಧ ಮುರಿದು ಮುದ್ದೆಯಲ್ಲಿಟ್ಟು ಕೊಟ್ಟೆ. ಎರಡು ದಿನ ಕೊಟ್ಟೆ. ಮೂರನೇ ದಿನ ವಾಂತಿ, ಟಾರಿನ ಹಾಗೆ ಕಪ್ಪು ಹೇಲು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ನಾಲ್ಕು ದಿನ ಡ್ರಿಪ್, ಏಳು ಸಾವಿರದ ಹತ್ತಿರ ಬಿಲ್. ಮನೆಯವಳು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್, ಮನೆಯಲ್ಲಿ ಏನಿದ್ದರೂ ಅದು ನಮಗೆ, ನಾಯಿಗಲ್ಲ.

ಡ್ರಿಪ್ ಹಾಕಿದ ಡಾಕ್ಟರೇ ಈಗಲೂ ಕರಿಯನನ್ನು ನೋಡುವುದು. ಅವರು ಮೊದಲು ಮಾಡಿಸಿದ್ದು ರಕ್ತ ಪರೀಕ್ಷೆ. ನಮ್ಮ ಕಡೆ ಉಣುಗಿನ ಕಾಟ ಗೊತ್ತಲ್ಲ. ಉಣುಗಿನ ಜ್ವರದಲ್ಲೂ ಕೀಲು ಹಿಡಿಯುತ್ತದಂತೆ. ಕರಿಯನಿಗೆ ಅದೂ ಇತ್ತು! ಪ್ಲೇಟ್ಲೆಟ್ ಕಡಿಮೆ ಆಗಿತ್ತು. 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟ ಮೇಲೆ ಮುಂಗಾಲಿನ ಕುಂಟು ಹೋಯಿತು, ಹಿಂಗಾಲಿನದ್ದು ಉಳಿಯಿತು. ಹಿಂಗಾಲಿನದ್ದು ಸವೆತ ಅಂತ ಶಿವಮೊಗ್ಗದಲ್ಲಿ ತೆಗೆಸಿದ ಎಕ್ಸ್-ರೇಯಲ್ಲಿ ಖಚಿತವಾಯಿತು. ಇದನ್ನು ಮೊದಲೇ ನೋಡಿಸಿದ್ದರೆ ಆ ಮೂರು ಸೂಜಿ ಉಳಿಯುತ್ತಿತ್ತು.

ಸ್ಟೀರಾಯ್ಡಿನ ಅಂಶ ಇಳಿಯಲಿ, ಹೊಟ್ಟೆ ಮಾಯಲಿ ಅಂತ ಕೆಲವು ವಾರ ಕಾಯಿಸಿ ಆಮೇಲೆ ಮೆಲಾಕ್ಸಿಕ್ಯಾಂ ಅನ್ನುವ ನೋವಿನ ಮಾತ್ರೆ ಶುರು ಮಾಡಿದರು. ಕಿಲೋಗೆ 0.1 ಮಿಲಿಗ್ರಾಂ ಲೆಕ್ಕ, ದಿನಕ್ಕೊಂದೇ ಸಲ, ಊಟದ ಜೊತೆ. ಮೂರು ನಾಲ್ಕು ತಿಂಗಳಿಗೊಮ್ಮೆ ಕಿಡ್ನಿ, ಲಿವರ್ ಪರೀಕ್ಷೆ. "ಮೊದಲೆಲ್ಲ ದನಕ್ಕೆ ಡೈಕ್ಲೋಫೆನಾಕನ್ನೇ ಚುಚ್ಚುತ್ತಿದ್ರಲ್ಲ ಸಾರ್?" ಅಂತ ಕೇಳಿದೆ, ನನ್ನ ತಪ್ಪಿಗೊಂದು ಸಮಜಾಯಿಷಿ ಸಿಗಬಹುದು ಅಂತ. ಸಿಗಲಿಲ್ಲ. ಅದನ್ನು ದನಗಳಿಗೆ ಕೊಡುವುದು 2006ರಲ್ಲೇ ನಿಷೇಧ ಆಗಿದೆ, ಆ ಔಷಧಿ ಕೊಟ್ಟ ದನ ಸತ್ತರೆ ಅದನ್ನು ತಿಂದ ರಣಹದ್ದಿಗೆ ಕಿಡ್ನಿ ಹೋಗುತ್ತದೆ, ಅದರ ಬದಲಿಗೆ ಬಂದಿದ್ದೇ ಮೆಲಾಕ್ಸಿಕ್ಯಾಂ ಅಂದರು.

ಮಾತ್ರೆಯಿಂದ ಅರ್ಧ ಸುಧಾರಿಸಿದ. ಅರ್ಧ ಮಾತ್ರ.

ಆಮೇಲೆ ಡಾಕ್ಟರು ತೂಕದ ಮಾತೆತ್ತಿದರು. ನನಗೆ ಸಿಟ್ಟು ಬಂತು, ಹೊಟ್ಟೆ ತುಂಬಾ ಹಾಕಿ ಸಾಕಿದ್ದು ತಪ್ಪೇ ಅಂತ. ಅವರು ಅಮೆರಿಕದ್ದೊಂದು ಪ್ರಯೋಗ ಹೇಳಿದರು, 2002ರಲ್ಲಿ ಪ್ರಕಟವಾದದ್ದು. 48 ಲ್ಯಾಬ್ರಡಾರ್ ಮರಿಗಳು, ಜೋಡಿ ಜೋಡಿ. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಮ್ಮಿ ಊಟ, ಜೀವನಪೂರ್ತಿ. ಕಮ್ಮಿ ತಿಂದವು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಮನೆಗೆ ಬಂದು ಕರಿಯನನ್ನು ಅಡಿಕೆ ಮೂಟೆ ತೂಗುವ ತಕ್ಕಡಿ ಮೇಲೆ ನಿಲ್ಲಿಸಿದೆ. 41 ಕೆಜಿ 600 ಗ್ರಾಂ.

ಊಟ ಕಾಲು ಭಾಗ ಕಡಿಮೆ ಮಾಡಿದೆ. ಒಂದು ತಿಂಗಳಾಯಿತು, 41 ಕೆಜಿ 400. ಎರಡು ತಿಂಗಳಿಗೆ 41 ಕೆಜಿ 700! ಡಾಕ್ಟರು ನನ್ನ ಮುಖ ನೋಡಿದರು. ನಾನು ದೇವರಾಣೆ ಮಾಡಿದೆ. ಕೊನೆಗೆ ಒಂದು ದಿನ ತೋಟಕ್ಕೆ ಹೋಗದೆ ಸುಮ್ನೆ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ. ಬೆಳಿಗ್ಗೆ ಅಮ್ಮ ಕೊಟ್ಟದ್ದು ಅರ್ಧ ದೋಸೆ, ತುಪ್ಪ ಸವರಿ. ಹತ್ತೂವರೆಗೆ ಕೆಲಸದವರ ಚಹಾ ಹೊತ್ತಿಗೆ ಎರಡು ಬನ್ನು. ಮಧ್ಯಾಹ್ನ ಮನೆಯವಳ ಕೈಯಿಂದ ಮೊಸರನ್ನ, "ಪಾಪ, ಇಷ್ಟೇ ಇಷ್ಟು". ಮೂರಕ್ಕೆ ಪಕ್ಕದ ಮನೆಗೆ ಕುಂಟುತ್ತಾ ಹೋಗಿ ಅಲ್ಲಿಂದೊಂದು ರೊಟ್ಟಿ. ಕುಂಟಿದಷ್ಟೂ ಸಿಗುತ್ತದೆ ಅಂತ ಅವನಿಗೆ ಗೊತ್ತಾಗಿತ್ತು. ಎಲ್ಲರೂ ಒಂದೊಂದು ತುತ್ತು ಕೊಟ್ಟವರೇ, ಯಾರೂ ಜಾಸ್ತಿ ಕೊಟ್ಟವರಿಲ್ಲ.

ಜಗಳ ಆಡಿದರೆ ಅಮ್ಮ ಕದ್ದು ಕೊಡುತ್ತಾಳೆ. ಅದಕ್ಕೆ ಬೇರೆ ದಾರಿ ಹುಡುಕಿದೆ. ಒಂದು ಸ್ಟೀಲ್ ಡಬ್ಬಿ ತಂದೆ. ಕರಿಯನ ಇಡೀ ದಿನದ ಊಟವನ್ನು ಬೆಳಿಗ್ಗೆಯೇ ತೂಗಿ ಅದರಲ್ಲಿ ಹಾಕಿಟ್ಟೆ. ಬೇಯಿಸಿದ ಕೋಳಿ, ಸ್ವಲ್ಪ ಅನ್ನ, ಬೀನ್ಸ್, ಸಿಹಿಗುಂಬಳ. ಯಾರಿಗೆ ಎಷ್ಟು ಪ್ರೀತಿ ಬಂದರೂ ಆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಖಾಲಿಯಾದರೆ ರಾತ್ರಿ ಊಟ ಇಲ್ಲ. ಮೊದಲ ದಿನ ಮಧ್ಯಾಹ್ನ ಎರಡಕ್ಕೇ ಡಬ್ಬಿ ಖಾಲಿ. ರಾತ್ರಿ ಅವನು ತಟ್ಟೆ ನೆಕ್ಕುತ್ತಾ ಕೂತಿದ್ದನ್ನು ಅಮ್ಮ ನೋಡಿದಳು. ಆಮೇಲೆ ಡಬ್ಬಿ ಕಾಯುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಕೆಲಸದವರಿಗೂ ಅವಳೇ ಬೈಯುತ್ತಿದ್ದಳು.

ಹತ್ತು ತಿಂಗಳಲ್ಲಿ 33 ಕೆಜಿಗೆ ಬಂದ. ಎಂಟು ಕೆಜಿ ಚಿಲ್ಲರೆ! ಡಾಕ್ಟರು ಬೇರೆ ನಾಯಿ ತಂದವರಿಗೆ ನನ್ನ ನಂಬರ್ ಕೊಡುತ್ತಾರೆ ಈಗ. ತೂಕದ ಲೆಕ್ಕದಲ್ಲೇ ಮಾತ್ರೆಯ ಪ್ರಮಾಣವೂ ಇಳಿಯಿತು, ಬೇಸಿಗೆಯಲ್ಲಂತೂ ದಿನ ಬಿಟ್ಟು ದಿನ ಸಾಕು ಅಂದರು.

ಇನ್ನು ನೆಲ. ಮೊದಲು ಕಾರ್ಪೆಟ್ ಹಾಸಿದೆ, ಕಾರ್ಪೆಟ್ಟೇ ಅವನ ಜೊತೆ ಜಾರಿತು. ನಾಯಿಯ ಕಾಲುಚೀಲ ತರಿಸಿದೆ, ನಾಲ್ಕು ನೂರೈವತ್ತು ರೂಪಾಯಿ, ಒಂದನ್ನು ಅವತ್ತೇ ತಿಂದುಹಾಕಿದ. ತೆಂಗಿನ ನಾರಿನ ಚಾಪೆ ಚೆನ್ನಾಗಿತ್ತು, ಮಳೆಗಾಲದಲ್ಲಿ ಬೂಸಲು ಬಂತು. ಕೊನೆಗೆ ಉತ್ತರ ಸಿಕ್ಕಿದ್ದು ಕೊಟ್ಟಿಗೆಯಲ್ಲಿ. ದನಗಳ ಕೆಳಗೆ ಹಾಸುವ ರಬ್ಬರ್ ಮ್ಯಾಟ್! ಅದರ ತೂಕಕ್ಕೆ ಅಲ್ಲಾಡುವುದೇ ಇಲ್ಲ, ಮೇಲೆ ಗೀರು ಇರುವುದರಿಂದ ಕಾಲಿಗೆ ಹಿಡಿತ. ಡೈರಿ ಮಾಡುತ್ತಿದ್ದ ಗೆಳೆಯನಿಂದ ಎರಡು ಹಳೆ ಮ್ಯಾಟ್ ಎಂಟು ನೂರಕ್ಕೆ ತಂದು, ಎರಡಡಿ ಅಗಲದ ಪಟ್ಟಿ ಕೊಯ್ದು, ಅವನು ಮಲಗುವಲ್ಲಿಂದ ಬಾಗಿಲಿನವರೆಗೆ ದಾರಿ ಮಾಡಿದೆ. ಮನೆಯಲ್ಲಿ ರೈಲ್ವೆ ಹಳಿ ಬಿದ್ದಂತೆ ಕಾಣುತ್ತದೆ. ನೆಂಟರು ನಗುತ್ತಾರೆ. ಕರಿಯ ಮಾತ್ರ ಹಳಿ ಬಿಟ್ಟು ಒಂದು ಹೆಜ್ಜೆ ಇಡುವುದಿಲ್ಲ.

ಅದರ ಜೊತೆಗೆ ಪಾದದ ಬೆರಳ ಸಂದಿಯ ಕೂದಲು ಕತ್ತರಿಸಿ, ಉಗುರು ಚಿಕ್ಕದು ಮಾಡಿ. ಖರ್ಚು ಸೊನ್ನೆ. ಅರ್ಧ ಜಾರುವುದು ಅಲ್ಲೇ ನಿಂತಿತು.

ಅಂಗಳಕ್ಕೆ ಇಳಿಯಲು ಅಡಿಕೆ ದಬ್ಬೆಯ (ಮರ ಸೀಳಿದ ಪಟ್ಟಿ) ಇಳಿಜಾರು ಮಾಡಿದೆ. ಜಗಲಿ ಒಂದೂವರೆ ಅಡಿ ಎತ್ತರ. ಮೊದಲ ಸಲ ನಾಲ್ಕಡಿ ಉದ್ದ ಮಾಡಿದ್ದು, ತೀರಾ ಕಡಿದು. ಮೇಲಿಂದ ದಬ್ಬೆ ಮಳೆಗೆ ಪಾಚಿ ಕಟ್ಟಿತು. ಮೊದಲು ಜಾರಿ ಬಿದ್ದದ್ದು ನಾನು. ಎರಡನೆಯದು ಏಳೂವರೆ ಅಡಿ, ಮೇಲೆ ಉಳಿದ ರಬ್ಬರ್ ತುಂಡು. ಅದರ ಮೇಲೆ ಕಾಲಿಡಿಸಲು ಹನ್ನೊಂದು ದಿನ ಬೇಕಾಯಿತು.

ಎಬ್ಬಿಸಲು ಹೊಟ್ಟೆ ಕೆಳಗೆ ಹಳೆ ಪಂಚೆ ಹಾಕಿ ಎತ್ತುತ್ತಿದ್ದೆ. ಗಂಡುನಾಯಿಗೆ ಅದು ಸರಿಯಾಗಿ ಉಚ್ಚೆಯ ಜಾಗಕ್ಕೇ ಒತ್ತುತ್ತದೆ. ಟೈಲರ್ ಹತ್ತಿರ ಹೋಗಿ ಪಟ್ಟಿ ಹೊಲಿಸಿದೆ, ಅಲ್ಲೊಂದು ಅರ್ಧಚಂದ್ರ ಕತ್ತರಿಸಿ. ನೂರಿಪ್ಪತ್ತು ರೂಪಾಯಿ. ಟೈಲರ್ ಅಳತೆ ತೆಗೆಯುವಾಗ ಬಹಳ ಗಂಭೀರವಾಗಿದ್ದ.

ನನಗೆ ಪ್ರಯೋಗದ ಹುಚ್ಚು. "ಕರಿಯಾ ಬಾ" ಅಂದಾಗಿನಿಂದ ನಾಲ್ಕು ಕಾಲಲ್ಲಿ ನಿಲ್ಲುವವರೆಗೆ ಎಷ್ಟು ಸೆಕೆಂಡು ಅಂತ ಮೊಬೈಲಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಶುರುವಿನಲ್ಲಿ 40ರ ಆಸುಪಾಸು, ಈಗ ಒಣ ದಿನದಲ್ಲಿ ಏಳೆಂಟು, ಮಳೆ ದಿನದಲ್ಲಿ ಹದಿನೈದು. ಈ ಲೆಕ್ಕ ಇಟ್ಟಿದ್ದಕ್ಕೆ ದುಡ್ಡು ಉಳಿಯಿತು. ಗ್ಲೂಕೋಸಮೈನ್ ಮಾತ್ರೆ ತಿಂಗಳಿಗೆ ಸಾವಿರದ ನಾನೂರರ ಹಾಗೆ ಮೂರು ತಿಂಗಳು ಕೊಟ್ಟೆ. ಸೆಕೆಂಡು ಕದಲಲಿಲ್ಲ. ನಿಲ್ಲಿಸಿದೆ, ಆಗಲೂ ಕದಲಲಿಲ್ಲ. ಅರಿಶಿನ ಮೆಣಸಿನ ಲೇಹ್ಯ ಮಾಡಿ ತಿನ್ನಿಸಿದೆ. ಗೋಡೆ ಹಳದಿಯಾಯಿತು. ಕೊಬ್ಬರಿ ಎಣ್ಣೆ ತಿಕ್ಕಿದರೆ ಎಲ್ಲ ನೆಕ್ಕುತ್ತಾನೆ. ಕರ್ಪೂರ ಹಾಕಿದ ನೋವಿನೆಣ್ಣೆ ಬೇಡವೇ ಬೇಡ, ನೆಕ್ಕಿದರೆ ವಿಷ. ವಾರಕ್ಕೆ ಮೂರು ದಿನ ಬೇಯಿಸಿದ ಭೂತಾಯಿ ಮೀನು, ಮುಳ್ಳು ತೆಗೆದು, ಡಬ್ಬಿಯ ಲೆಕ್ಕದೊಳಗೇ ಕೊಡುತ್ತೇನೆ. ಮೀನೆಣ್ಣೆಯ ಕ್ಯಾಪ್ಸೂಲಿನ ಕೆಲಸ ಅದೇ ಮಾಡುತ್ತದೆ ಅಂತ ನನ್ನ ನಂಬಿಕೆ. ಸೆಕೆಂಡಿನಲ್ಲಿ ಒಂದೆರಡು ಇಳಿದ ಹಾಗೆ ಇತ್ತು, ಆದರೆ ಆಗ ಮಳೆಯೂ ನಿಂತಿತ್ತು.

ನೀರಿನ ವ್ಯಾಯಾಮ ಮಾಡಿಸಿ ಅಂತ ಡಾಕ್ಟರು ಹೇಳಿದ್ದರು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಮಾತ್ರ ಇಳಿಸಬೇಡಿ. ಮನುಷ್ಯರೇ ಹತ್ತಿ ಬರಲು ಆಗಲ್ಲ, ನಾಯಿ ಹೇಗೆ ಬರುತ್ತದೆ? ನಾನು ತೋಟದಾಚೆಯ ಹಳ್ಳದಲ್ಲಿ ಅವನ ಹೊಟ್ಟೆ ಮುಟ್ಟುವಷ್ಟು ನೀರಿನಲ್ಲಿ ನಡೆಸಿದೆ. ಮೊದಲ ದಿನ ಖುಷಿಯಲ್ಲಿ ಇಪ್ಪತ್ತು ನಿಮಿಷ ಬಿಟ್ಟೆ. ಮಾರನೇ ದಿನ ಮತ್ತೆ 40 ಸೆಕೆಂಡು. ಆಮೇಲೆ ಐದು ನಿಮಿಷದಿಂದ ಶುರು ಮಾಡಿ ವಾರಕ್ಕೆ ಎರಡೆರಡು ನಿಮಿಷ ಏರಿಸಿದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ಮಳೆ ಬಂದರೆ ಇಂಬಳ (ಜಿಗಣೆ), ಜೊತೆಗೆ ಇಲಿಜ್ವರದ ಭಯ. ಆ ಲಸಿಕೆ ಹಾಕಿಸದೆ ನಾಯಿಯನ್ನು ಹಳ್ಳಕ್ಕೆ ಇಳಿಸಬೇಡಿ.

ಚಳಿಗೆ ಬಚ್ಚಲ ಒಲೆಯ ಹಿಂದಿನ ಗೋಡೆಯೇ ಸಾಕು. ಆ ಗೋಡೆಗೆ ತಾಗಿಸಿ ಗಟ್ಟಿ ಫೋಮ್ ಎರಡು ಪದರ, ಮೇಲೆ ಕಂಬಳಿ. ಫೋಮ್ ಸೋಫಾ ರಿಪೇರಿ ಅಂಗಡಿಯ ಉಳಿಕೆ ತುಂಡು, ಇನ್ನೂರು ರೂಪಾಯಿ. ಬಿಸಿ ರಾಗಿ ಚೀಲದ ಶಾಖ ಕೊಡಲು ಹೋಗಿದ್ದೆ, ಚೀಲ ಹರಿದು ರಾಗಿ ತಿಂದ. ಅವತ್ತಿನ ಡಬ್ಬಿಯಲ್ಲಿ ಅದನ್ನೂ ಕಳೆದೆ.

ಒಟ್ಟು ಖರ್ಚು? ದಂಡವಾದದ್ದು ಹದಿನೈದು ಸಾವಿರದ ಹತ್ತಿರ. ಕೆಲಸಕ್ಕೆ ಬಂದದ್ದಕ್ಕೆ, ಮ್ಯಾಟು, ಪಟ್ಟಿ, ಫೋಮ್ ಎಲ್ಲ ಸೇರಿ ಎರಡು ಸಾವಿರ ಆಗಿಲ್ಲ. ಮಾತ್ರೆ, ಪರೀಕ್ಷೆಗೆ ಈಗ ತಿಂಗಳಿಗೆ ಐನೂರು ಆರುನೂರು ಬೀಳುತ್ತದೆ.

ಮಾತ್ರೆಯನ್ನು ಯಾವುದರೊಳಗೆ ಇಟ್ಟರೆ ಉಗುಳುವುದಿಲ್ಲ ಅಂತ ಭಾವ ಹೋದ ವಾರ ಕೇಳಿದರು. ಅವರ ಮನೆಯ ಲ್ಯಾಬೂ ಈಗ ಕುಂಟುತ್ತಿದೆ. ಅಡಿಕೆ ತಕ್ಕಡಿಯಲ್ಲಿ ತೂಗಿಸಿದೆ, 38. ಒಂದು ಡಬ್ಬಿ ಕೊಟ್ಟು ಕಳಿಸಿದೆ. ಮಾತ್ರೆಯ ಗುಟ್ಟು ಹೇಳಲಿಲ್ಲ, ಇಲ್ಲೂ ಹೇಳಲ್ಲ. ಸೂಜಿ ಹಾಕಿಸು ಅಂದಿದ್ದರಲ್ಲ, ಸ್ವಲ್ಪ ಕಾಯಲಿ.

ಕರಿಯನ ಬಲಗಾಲಿನ ತೊಡೆ ಇನ್ನೂ ಸಣ್ಣದಾಗಿಯೇ ಇದೆ, ಜೀಪು ಹತ್ತಲು ಆಗಲ್ಲ, ಎತ್ತಿಯೇ ಹಾಕಬೇಕು. ಇಳಿಜಾರಿನ ಅಂಚಿನಲ್ಲಿ ಮತ್ತೆ ಪಾಚಿ ಕಟ್ಟಿದೆ. ಭಾನುವಾರ ಮಳೆ ಬಿಟ್ಟರೆ ಉಜ್ಜಬೇಕು.